ಪುಷ್ಪಮಾಲಾ ಎನ್.

ಪುಷ್ಪಮಾಲಾ ಎನ್. (ಜನನ: 1956, ಬೆಂಗಳೂರು) ಕರ್ನಾಟಕದ ಸಮಕಾಲೀನ ಕಲಾವಿದೆ. ಶಿಲ್ಪಿಯಾಗಿ ಕಲಾಜೀವನವನ್ನು ಆರಂಭಿಸಿದ ಅವರು 1990ರ ದಶಕದ ಮಧ್ಯಭಾಗದಿಂದ ಛಾಯಾಚಿತ್ರವನ್ನು ಮುಖ್ಯ ಮಾಧ್ಯಮವನ್ನಾಗಿ ಮಾಡಿಕೊಂಡರು. ವೇಷ ಧರಿಸಿ, ರಂಗಸಜ್ಜಿಕೆ ಕಟ್ಟಿಸಿ, ಕ್ಯಾಮೆರಾದ ಮುಂದೆ ತಾವೇ ಪಾತ್ರವಾಗಿ ನಿಲ್ಲುವ ‘ಫೋಟೋ-ಪರ್ಫಾರ್ಮೆನ್ಸ್’ ಎಂಬ ಪ್ರಕಾರವನ್ನು ಭಾರತದಲ್ಲಿ ರೂಪಿಸಿದವರಲ್ಲಿ ಅವರು ಪ್ರಮುಖರು. ‘ಫ್ಯಾಂಟಮ್ ಲೇಡಿ ಆರ್ ಕಿಸ್ಮತ್’ (1996–98), ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್’ (2000–04) ಮತ್ತು ‘ದಿ ಅರೈವಲ್ ಆಫ್ ವಾಸ್ಕೋ ಡ ಗಾಮ’ (2014) ಅವರ ಹೆಸರಾಂತ ಕೃತಿಗಳು.

ಅವರನ್ನು ‘ಛಾಯಾಗ್ರಾಹಕಿ’ ಎಂದು ಕರೆಯುವುದು ರೂಢಿಯಲ್ಲಿದ್ದರೂ ಆ ಪದ ಅವರಿಗೆ ಸರಿಯಾಗಿ ಹೊಂದುವುದಿಲ್ಲ. ಅವರ ಪ್ರಸಿದ್ಧ ಚಿತ್ರಗಳಲ್ಲಿ ಕ್ಯಾಮೆರಾದ ಗುಂಡಿ ಒತ್ತಿದವರು ಬೇರೆಯವರು. ಪುಷ್ಪಮಾಲಾ ಇರುವುದು ಕ್ಯಾಮೆರಾದ ಎದುರಿಗೆ. ಹಾಗಿದ್ದೂ ಆ ಚಿತ್ರಗಳು ಅವರ ಕೃತಿಗಳೆಂದೇ ಪ್ರದರ್ಶನಗೊಳ್ಳುತ್ತವೆ. ಚಿತ್ರ ತೆಗೆಯುವವರು ಯಾರು, ತೆಗೆಸಿಕೊಳ್ಳುವವರು ಯಾರು, ಆ ಚಿತ್ರದ ಮೇಲೆ ಅಧಿಕಾರ ಯಾರದು ಎಂಬ ಪ್ರಶ್ನೆ ಅವರ ಬಹುಪಾಲು ಕೃತಿಗಳ ಒಳಗೆ ಇದೆ.

ಶಿಕ್ಷಣ ಮತ್ತು ಶಿಲ್ಪದ ವರ್ಷಗಳು

ಪುಷ್ಪಮಾಲಾ 1977ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಬಿ.ಎ. ಪದವಿ ಪಡೆದರು. ಬೆಂಗಳೂರಿನಲ್ಲಿ ಶಿಲ್ಪಿ ಬಾಲನ್ ನಂಬಿಯಾರ್ ಅವರ ಬಳಿ ಶಿಲ್ಪಕಲೆಯ ಆರಂಭದ ಪಾಠಗಳನ್ನು ಕಲಿತು, ಬಳಿಕ ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗವನ್ನು ಸೇರಿ 1982ರಲ್ಲಿ ಪದವಿಯನ್ನೂ 1985ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. ಎರಡೂ ಶಿಲ್ಪಕಲೆಯಲ್ಲೇ.

ಆ ಕಾಲದ ಬರೋಡಾದಲ್ಲಿ ಜಾನಪದ ಕಲೆ, ಬೀದಿಯ ಕಲೆ, ಕ್ಯಾಲೆಂಡರ್ ಚಿತ್ರಗಳನ್ನು ‘ಉನ್ನತ’ ಕಲೆಯಷ್ಟೇ ಗಂಭೀರವಾಗಿ ನೋಡುವ ವಾತಾವರಣವಿತ್ತು. ಇದಕ್ಕೆ ಕೆ.ಜಿ. ಸುಬ್ರಹ್ಮಣ್ಯನ್ ಅವರ ಚಿಂತನೆ ಒಂದು ಕಾರಣವಾದರೆ, ಚಿತ್ರಕಾರ ಭೂಪೇನ್ ಖಕ್ಕರ್ ಅವರ ಕಲೆ ಇನ್ನೊಂದು ಕಾರಣ. ಖಕ್ಕರ್ 1972ರ ತಮ್ಮ ಪ್ರದರ್ಶನದ ಕೈಪಿಡಿಗಾಗಿ ಜೇಮ್ಸ್ ಬಾಂಡ್ ಮುಂತಾದ ವೇಷಗಳಲ್ಲಿ ಫೋಟೋ ತೆಗೆಸಿಕೊಂಡಿದ್ದರು. ಕಲಾವಿದನು ತನ್ನನ್ನೇ ಹಾಸ್ಯದ ವಸ್ತುವನ್ನಾಗಿ ಮಾಡಿಕೊಳ್ಳಬಹುದು ಎಂಬುದಕ್ಕೆ ಬರೋಡಾದ ವಿದ್ಯಾರ್ಥಿಗಳ ಕಣ್ಣಮುಂದೆಯೇ ಒಂದು ಉದಾಹರಣೆ ಇತ್ತು.

ಪುಷ್ಪಮಾಲಾ ಅವರ ಆರಂಭದ ಶಿಲ್ಪಗಳು ಮಾನವಾಕೃತಿಗಳು, ಹೆಚ್ಚಾಗಿ ಹೆಣ್ಣುಮಕ್ಕಳವು. 1986ರಲ್ಲಿ ನವದೆಹಲಿಯ ಆರನೆಯ ‘ತ್ರೈವಾರ್ಷಿಕ ಭಾರತ’ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಅವರಿಗೆ ಚಿನ್ನದ ಪದಕ ದೊರೆಯಿತು. ಮೂವತ್ತರ ಹರೆಯದಲ್ಲೇ ಶಿಲ್ಪಿಯಾಗಿ ಇಂಥ ಮನ್ನಣೆ ಪಡೆದವರು ಮುಂದೆ ಆ ಮಾಧ್ಯಮವನ್ನೇ ಬದಿಗಿರಿಸಿದ್ದು ಗಮನಿಸಬೇಕಾದ ಸಂಗತಿ. 1992ರ ಬಾಬರಿ ಮಸೀದಿ ಧ್ವಂಸ ಮತ್ತು ಅದನ್ನು ಹಿಂಬಾಲಿಸಿದ ಮುಂಬೈ ಗಲಭೆಗಳ ನಂತರ ದೇಶದ ಅನೇಕ ಕಲಾವಿದರು ತಮ್ಮ ಮಾಧ್ಯಮದ ಶಕ್ತಿಯನ್ನೂ ಮಿತಿಯನ್ನೂ ಪ್ರಶ್ನಿಸಿಕೊಂಡರು. ಪುಷ್ಪಮಾಲಾ ಅವರೂ ಅವರಲ್ಲಿ ಒಬ್ಬರು. ಮಣ್ಣು, ಗಾರೆಯಿಂದ ಕಾಗದ ಮತ್ತು ಕೈಗೆ ಸಿಕ್ಕಿದ ವಸ್ತುಗಳತ್ತ ಹೊರಳಿದ ‘ಎಕ್ಸ್‌ಕವೇಷನ್ಸ್’ (1994) ಪ್ರದರ್ಶನ ಈ ಅವಧಿಯದು.

ಫ್ಯಾಂಟಮ್ ಲೇಡಿ

ಛಾಯಾಚಿತ್ರದತ್ತ ಅವರು ಇಟ್ಟ ಮೊದಲ ದೊಡ್ಡ ಹೆಜ್ಜೆ ‘ಫ್ಯಾಂಟಮ್ ಲೇಡಿ ಆರ್ ಕಿಸ್ಮತ್’. ಇದನ್ನು ಅವರು ‘ಫೋಟೋ ರೊಮಾನ್ಸ್’ ಎಂದು ಕರೆದರು. ಒಂದು ಕಾಲದ ಸಿನಿಮಾ ಪತ್ರಿಕೆಗಳಲ್ಲಿ ಚಿತ್ರಕಥೆಯನ್ನು ಸ್ಥಿರಚಿತ್ರಗಳ ಸಾಲಿನಲ್ಲಿ ಹೇಳುತ್ತಿದ್ದಂತೆ, ಇಲ್ಲಿಯೂ ಕಪ್ಪು-ಬಿಳುಪು ಚಿತ್ರಗಳು ಒಂದರ ನಂತರ ಒಂದಾಗಿ ಕಥೆ ಹೇಳುತ್ತವೆ. ಹುಟ್ಟಿನಲ್ಲೇ ಬೇರ್ಪಟ್ಟ ಅವಳಿ ಸೋದರಿಯರಲ್ಲಿ ಒಬ್ಬಳು ಮುಖವಾಡ ತೊಟ್ಟ ಸಾಹಸಿ, ಇನ್ನೊಬ್ಬಳು ಭೂಗತಲೋಕದಲ್ಲಿ ಸಿಲುಕಿದ ಖಳನಾಯಕಿ. ಇಬ್ಬರೂ ಪುಷ್ಪಮಾಲಾ ಅವರೇ. ಕಥೆ ನಡೆಯುವುದು ಮುಂಬೈಯಲ್ಲಿ. ಛಾಯಾಗ್ರಹಣ ಮೀನಲ್ ಅಗರ್‌ವಾಲ್ ಅವರದು.

ಸಾಹಸಿಯ ಪಾತ್ರಕ್ಕೆ ಪ್ರೇರಣೆ ‘ಹಂಟರ್‌ವಾಲಿ’ (1935) ಚಿತ್ರದ ನಟಿ ಫಿಯರ್‌ಲೆಸ್ ನಾಡಿಯಾ. ಚಾವಟಿ ಹಿಡಿದು ಕುದುರೆಯೇರಿ ಖಳರನ್ನು ಹೊಡೆದುರುಳಿಸುತ್ತಿದ್ದ ನಾಡಿಯಾ ವಾಡಿಯಾ ಮೂವಿಟೋನ್ ಸಂಸ್ಥೆಯ ತಾರೆಯಾಗಿದ್ದರು. ಹಿಂದಿ ಸಿನಿಮಾ ಮುಂದೆ ಮರೆತುಬಿಟ್ಟ ಒಂದು ಸ್ತ್ರೀಮಾದರಿಯನ್ನು ಪುಷ್ಪಮಾಲಾ ಹೀಗೆ ಮರಳಿ ಕರೆತಂದರು. ಚಿತ್ರಗಳನ್ನು ನೋಡಿದರೆ ಮೊದಲು ನಗು ಬರುತ್ತದೆ. ಈ ನಗು ಆಕಸ್ಮಿಕವಲ್ಲ. ಅವರ ಮುಂದಿನ ಕೃತಿಗಳಲ್ಲಿಯೂ ಗಂಭೀರವಾದ ಮಾತು ಹಾಸ್ಯದ ಬೆನ್ನೇರಿಯೇ ಬರುತ್ತದೆ. ಇದೇ ಪಾತ್ರವನ್ನು ಅವರು ‘ರಿಟರ್ನ್ ಆಫ್ ದಿ ಫ್ಯಾಂಟಮ್ ಲೇಡಿ’ (2012) ಸರಣಿಯಲ್ಲಿ ಬಣ್ಣದ ಚಿತ್ರಗಳಲ್ಲಿ ಮತ್ತೆ ಮುಂಬೈಗೆ ತಂದರು.

1998ರ ‘ಸುನ್‌ಹರೇ ಸಪ್ನೇ’ ಕೈಯಿಂದ ಬಣ್ಣ ತುಂಬಿದ ಚಿತ್ರಗಳ ಸರಣಿ. ಮಧ್ಯಮವರ್ಗದ ಗೃಹಿಣಿಯೊಬ್ಬಳು ಮತ್ತು ಅವಳ ಹಗಲುಗನಸಿನ ಇನ್ನೊಂದು ರೂಪ ಇದರ ವಸ್ತು.

ಬಾಂಬೆ ಫೋಟೋ ಸ್ಟುಡಿಯೋ

ಮುಂಬೈಯ ದಾದರ್‌ನಲ್ಲಿ ‘ಇಂಡಿಯಾ ಫೋಟೋ ಸ್ಟುಡಿಯೋ’ ನಡೆಸುತ್ತಿದ್ದ ಜೆ.ಎಚ್. ಠಕ್ಕರ್ ಒಂದು ಕಾಲದ ಹಿಂದಿ ಚಿತ್ರತಾರೆಯರ ಭಾವಚಿತ್ರಗಳಿಗೆ ಹೆಸರಾದವರು. ಮುಖದ ಒಂದು ಪಾರ್ಶ್ವವನ್ನು ಕತ್ತಲಲ್ಲಿಟ್ಟು ಕಣ್ಣು, ಕೆನ್ನೆಯ ಮೇಲೆ ಬೆಳಕು ಹಾಯಿಸುವ ಆ ಹಳೆಯ ಕೌಶಲವನ್ನು ಬಳಸಿಕೊಂಡು ಪುಷ್ಪಮಾಲಾ ಅವರು ಠಕ್ಕರ್ ಅವರಿಂದಲೇ ತಮ್ಮ ಚಿತ್ರಗಳನ್ನು ತೆಗೆಸಿದರು. 2000ದಿಂದ 2003ರವರೆಗಿನ ಈ ಕೆಲಸದ ಭಾಗವಾದ ‘ನವರಸ’ ಮಾಲಿಕೆಯಲ್ಲಿ ಕಂದು ಛಾಯೆಯ ಒಂಬತ್ತು ಚಿತ್ರಗಳಿವೆ: ಶೃಂಗಾರದಿಂದ ಶಾಂತದವರೆಗೆ ರಸಕ್ಕೊಂದು. ಭರತನ ನಾಟ್ಯಶಾಸ್ತ್ರ ಹೇಳುವುದು ಎಂಟು ರಸಗಳನ್ನು. ಶಾಂತ ನಂತರದ ಸೇರ್ಪಡೆ. ಈ ಶಾಸ್ತ್ರೀಯ ಚೌಕಟ್ಟಿನೊಳಗೆ ಅವರು ಕೂರಿಸಿದ್ದು ಹಿಂದಿ ಸಿನಿಮಾ ಹೆಣ್ಣಿಗೆ ಹಂಚಿಕೊಟ್ಟ ಸಿದ್ಧಪಾತ್ರಗಳನ್ನು.

ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ

ಪುಷ್ಪಮಾಲಾ ಅವರ ಅತ್ಯಂತ ಮಹತ್ವಾಕಾಂಕ್ಷೆಯ ಕೃತಿ ಇದು. ಬ್ರಿಟಿಷ್ ಮೂಲದವರಾಗಿದ್ದು ಬೆಂಗಳೂರಿನಲ್ಲಿ ನೆಲೆಸಿದ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಂದಿಗೆ, ಬೆಂಗಳೂರಿನ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ಸಂಸ್ಥೆಯ ನೆರವಿನಿಂದ, 2000ದಿಂದ 2004ರವರೆಗೆ ಇದನ್ನು ರೂಪಿಸಲಾಯಿತು. ನಾಲ್ಕು ಉಪಸರಣಿಗಳಲ್ಲಿ ಇನ್ನೂರಕ್ಕೂ ಹೆಚ್ಚು ಚಿತ್ರಗಳಿವೆ.

ಮೊದಲ ಉಪಸರಣಿ ‘ನೇಟಿವ್ ಟೈಪ್ಸ್’. ದಕ್ಷಿಣ ಭಾರತದ ಹೆಣ್ಣು ಎಂದೊಡನೆ ಕಣ್ಣಿಗೆ ಕಟ್ಟುವ ಹತ್ತು ಚಿತ್ರಗಳನ್ನು ಬೇರೆ ಬೇರೆ ಕಾಲದಿಂದ ಆರಿಸಿ, ಅವುಗಳಲ್ಲಿ ಪ್ರತಿಯೊಂದನ್ನೂ ಪರದೆ, ಉಡುಪು, ಒಡವೆ, ಭಂಗಿ ಸಮೇತ ಮರುಸೃಷ್ಟಿಸಲಾಯಿತು. ರಾಜಾ ರವಿವರ್ಮನ ಕಮಲಾಸನೆ ಲಕ್ಷ್ಮಿ, ಅವನದೇ ಬೆಳದಿಂಗಳ ಹೆಣ್ಣು ಮತ್ತು ಕೆರೆಯಿಂದ ಮರಳುತ್ತಿರುವ ಹೆಣ್ಣು, ಬಿಜಾಪುರ ಶೈಲಿಯ ಚಿಕಣಿಚಿತ್ರದ ಯೋಗಿನಿ, ವೇಳಾಂಕಣ್ಣಿಯ ಮಾತೆ, ನೀಲಗಿರಿಯ ತೋಡ ಹೆಣ್ಣು, ಚಾವಟಿ ಹಿಡಿದ ಜಯಲಲಿತಾ ಅವರ ಸಿನಿಮಾ ಸ್ಥಿರಚಿತ್ರ, ಕನ್ನಡ ಚಲನಚಿತ್ರವೊಂದರ ಸರಸದ ದೃಶ್ಯ, ಸರ್ಕಸ್ಸಿನ ಹುಡುಗಿ, ಪೊಲೀಸರು ಹಿಡಿದ ಕಳ್ಳಿಯರ ಪತ್ರಿಕಾಚಿತ್ರ ಇವೆಲ್ಲ ಆ ಹತ್ತರಲ್ಲಿ ಬರುತ್ತವೆ. ದೇವತೆಯಿಂದ ಕಳ್ಳಿಯವರೆಗೆ ಎಲ್ಲರ ಜಾಗದಲ್ಲೂ ಒಂದೇ ಮುಖ ಕಾಣುತ್ತದೆ.

ಮುಖ ಒಂದೇ ಆದುದರಿಂದಲೇ ನೋಡುಗರ ಕಣ್ಣು ಬೇರೆಡೆಗೆ ಹೋಗುತ್ತದೆ. ರವಿವರ್ಮನ ಲಕ್ಷ್ಮಿಯ ಓಲಿಯೋಗ್ರಾಫ್ ಮುದ್ರಿತ ಪ್ರತಿ ಕನ್ನಡನಾಡಿನ ಎಷ್ಟೋ ಮನೆಗಳ ದೇವರಕೋಣೆಯಲ್ಲಿ ಇಂದಿಗೂ ಪೂಜೆಗೊಳ್ಳುತ್ತಿದೆ. ಅದು ಒಬ್ಬ ಚಿತ್ರಕಾರನ ಕಲ್ಪನೆ, 1894ರಲ್ಲಿ ಮುಂಬೈಯಲ್ಲಿ ಆರಂಭವಾದ ಒಂದು ಅಚ್ಚುಕೂಟದಿಂದ ಹರಡಿದ ರೂಪ ಎಂಬುದನ್ನು ಪೂಜಿಸುವವರು ನೆನೆಯುವುದಿಲ್ಲ. ಪುಷ್ಪಮಾಲಾ ಅವರ ಲಕ್ಷ್ಮಿಯಲ್ಲಿ ಆನೆ, ಕಮಲ, ನೀರು ಎಲ್ಲವೂ ಇವೆ; ಆದರೆ ಬಟ್ಟೆಯ ಮೇಲೆ ಬಣ್ಣ ಬಳಿದದ್ದು, ಹಲಗೆಯಲ್ಲಿ ಕತ್ತರಿಸಿದ್ದು ಎಂದು ಗೊತ್ತಾಗುವಂತೆ ಇವೆ. ನಕಲು ಸಂಪೂರ್ಣವಾಗಿ ಹೊಂದದ ಆ ಜಾಗದಲ್ಲಿ ಮೂಲವೂ ಕಟ್ಟಿದ್ದೇ ಎಂಬುದು ಹೊಳೆಯುತ್ತದೆ. ಕಂಪನಿ ನಾಟಕಗಳ ಸೀನರಿ ಪರದೆಯನ್ನೂ ಚಿತ್ರದುರ್ಗ, ಹಿರಿಯೂರಿನಂಥ ಊರುಗಳ ಹಳೆಯ ಫೋಟೋ ಸ್ಟುಡಿಯೋಗಳಲ್ಲಿ ಬೆನ್ನ ಹಿಂದೆ ಇಳಿಬಿಡುತ್ತಿದ್ದ ಉದ್ಯಾನ, ಕಾರಂಜಿಗಳ ಪರದೆಯನ್ನೂ ಕಂಡವರಿಗೆ ಈ ಭಾಷೆ ಹೊಸದಲ್ಲ. ಮದುವೆಯಾದ ಹೊಸದರಲ್ಲಿ ಅಂಥ ಪರದೆಯ ಮುಂದೆ ಸೆಟೆದು ನಿಂತ ದಂಪತಿಗಳ ಚಿತ್ರ ಯಾರ ಮನೆಯ ಗೋಡೆಯಲ್ಲಿಲ್ಲ!

ಜನಾಂಗ ಅಧ್ಯಯನದ ಚಿತ್ರಗಳು

ಎರಡನೆಯ ಉಪಸರಣಿ ‘ಎತ್ನೋಗ್ರಾಫಿಕ್ ಸೀರೀಸ್’ ಹೆಚ್ಚು ಕಟುವಾದುದು. ಇದನ್ನು ಅರ್ಥಮಾಡಿಕೊಳ್ಳಲು ವಸಾಹತು ಕಾಲದ ಛಾಯಾಗ್ರಹಣದ ಹಿನ್ನೆಲೆ ಬೇಕು.

1857ರ ದಂಗೆಯ ನಂತರ ಬ್ರಿಟಿಷ್ ಆಡಳಿತ ಭಾರತದ ಜನಸಮುದಾಯಗಳನ್ನು ಪಟ್ಟಿಮಾಡಿ ವರ್ಗೀಕರಿಸುವ ಕೆಲಸಕ್ಕೆ ಕ್ಯಾಮೆರಾವನ್ನು ಬಳಸಿತು. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ‘ದಿ ಪೀಪಲ್ ಆಫ್ ಇಂಡಿಯಾ’ ಅದರ ದೊಡ್ಡ ಫಲ. 1869ರಲ್ಲಿ ಜೆ.ಎಚ್. ಲ್ಯಾಂಪ್ರೆ ಎಂಬಾತ ಮನುಷ್ಯ ದೇಹವನ್ನು ಅಳೆಯಲು ಒಂದು ವಿಧಾನ ಸೂಚಿಸಿದ: ಮರದ ಚೌಕಟ್ಟಿಗೆ ರೇಷ್ಮೆ ದಾರಗಳನ್ನು ಬಿಗಿದು ಎರಡೆರಡು ಅಂಗುಲದ ಚೌಕಗಳನ್ನು ಮಾಡಿ, ಅದರ ಮುಂದೆ ‘ನೇಟಿವ್’ ವ್ಯಕ್ತಿಯನ್ನು ಬೆತ್ತಲೆ ನಿಲ್ಲಿಸಿ ಚಿತ್ರ ತೆಗೆಯುವುದು. 1890ರ ದಶಕದಲ್ಲಿ ಎಂ.ವಿ. ಪೋರ್ಟ್‌ಮನ್ ಅಂಡಮಾನ್ ದ್ವೀಪವಾಸಿಗಳನ್ನು ಚೌಕುಳಿ ಹಿನ್ನೆಲೆಯ ಮುಂದೆ ನಿಲ್ಲಿಸಿ ಚಿತ್ರ ತೆಗೆದ. ಮದರಾಸು ವಸ್ತುಸಂಗ್ರಹಾಲಯದ ಅಧಿಕಾರಿಯಾಗಿದ್ದ ಎಡ್ಗರ್ ಥರ್ಸ್ಟನ್ ಊರೂರು ತಿರುಗಿ ಜನರ ಮೂಗು, ತಲೆಬುರುಡೆಗಳನ್ನು ಅಳೆದ. ಅವನ ‘ಕ್ಯಾಸ್ಟ್ಸ್ ಅಂಡ್ ಟ್ರೈಬ್ಸ್ ಆಫ್ ಸದರ್ನ್ ಇಂಡಿಯಾ’ 1909ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟವಾಯಿತು.

ಮೈಸೂರು ಸಂಸ್ಥಾನವೂ ಇದಕ್ಕೆ ಹೊರತಾಗಿರಲಿಲ್ಲ. ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ‘ದಿ ಮೈಸೂರು ಟ್ರೈಬ್ಸ್ ಅಂಡ್ ಕ್ಯಾಸ್ಟ್ಸ್’ ಸಂಪುಟಗಳಲ್ಲಿ ಬೇಡರು, ಗೊಲ್ಲರು ಸೇರಿದಂತೆ ಚಿತ್ರದುರ್ಗ ಸೀಮೆಯಲ್ಲಿ ನೆಲೆಸಿರುವ ಸಮುದಾಯಗಳ ವಿವರಗಳಿವೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಗೊಲ್ಲರಹಟ್ಟಿಗಳ ಬಗ್ಗೆ ಸಂಶೋಧನೆ ಮಾಡುವ ವಿದ್ಯಾರ್ಥಿ ಇಂದಿಗೂ ಮೊದಲು ತೆರೆಯುವುದು ಇಂಥ ಗ್ರಂಥಗಳನ್ನೇ. ಅವು ಅಮೂಲ್ಯ ಮಾಹಿತಿಯ ಆಕರಗಳು, ನಿಜ. ಆದರೆ ಒಬ್ಬ ವ್ಯಕ್ತಿಯನ್ನು ಅವಳ ಹೆಸರಿನಿಂದ ಬಿಡಿಸಿ ಒಂದು ‘ಮಾದರಿ’ಯಾಗಿ ಕಾಣುವ ದೃಷ್ಟಿಯಲ್ಲಿ ರೂಪುಗೊಂಡ ಪ್ರಕಾರಕ್ಕೆ ಸೇರಿದವು. ಪುಷ್ಪಮಾಲಾ ಅವರ ಕೃತಿಯ ಉದ್ದನೆಯ ಶೀರ್ಷಿಕೆ ಇಂಥ ಗ್ರಂಥಗಳ ಹೆಸರಿನ ಅಣಕ.

ಈ ಸರಣಿಯಲ್ಲಿ ‘ನೇಟಿವ್ ಟೈಪ್ಸ್’ನ ಪಾತ್ರಗಳೇ ಅಳತೆಗೆ ಒಳಗಾಗುವ ಮಾದರಿಗಳಾಗುತ್ತವೆ. ಚೌಕುಳಿ ಬಟ್ಟೆಯ ಮುಂದೆ ಹೆಣ್ಣು ನಿಂತಿದ್ದಾಳೆ. ಅವಳನ್ನು ಅಳೆಯುವ ಉಪಕರಣವೂ ಚೌಕಟ್ಟಿನೊಳಗಿದೆ. ಹಳೆಯ ಚಿತ್ರಗಳಲ್ಲಿದ್ದ ಹೆಣ್ಣಿಗೆ ಬೇಡವೆನ್ನುವ ಅವಕಾಶವಿರಲಿಲ್ಲ. ಇಲ್ಲಿರುವವಳು ಚಿತ್ರದ ಯೋಜನೆಯನ್ನು ತಾನೇ ಮಾಡಿದವಳು. ಅದೇ ಚೌಕುಳಿ, ಅದೇ ಭಂಗಿ, ಅಧಿಕಾರ ಮಾತ್ರ ಕೈ ಬದಲಿಸಿದೆ. ಒಬ್ಬರು ಕಪ್ಪು, ಒಬ್ಬರು ಬಿಳಿ ಚರ್ಮದವರಾದ ತಾವಿಬ್ಬರೂ ಈ ಯೋಜನೆಯ ಪಾತ್ರಧಾರಿಗಳೆಂದೇ ಪುಷ್ಪಮಾಲಾ ಮತ್ತು ಆರ್ನಿ ಹೇಳಿಕೊಂಡದ್ದಕ್ಕೂ ಇದೇ ಹಿನ್ನೆಲೆ.

ಉಳಿದೆರಡು ‘ಪಾಪ್ಯುಲರ್ ಸೀರೀಸ್’ ಮತ್ತು ‘ಪ್ರೊಸೆಸ್ ಸೀರೀಸ್’. ಕೊನೆಯದು ಚಿತ್ರ ತಯಾರಾದ ಬಗೆಯನ್ನು ತೋರಿಸುತ್ತದೆ.

ಈ ಕೃತಿಯ ಬಗ್ಗೆ ಒಂದು ಆಕ್ಷೇಪಕ್ಕೆ ಎಡೆಯಿದೆ. ನಗರದ ವಿದ್ಯಾವಂತ ಕಲಾವಿದೆಯೊಬ್ಬರು ತೋಡ ಹೆಣ್ಣಿನ ಅಥವಾ ಠಾಣೆಯಲ್ಲಿ ನಿಲ್ಲಿಸಲಾದ ಬಡ ಹೆಂಗಸಿನ ವೇಷ ತೊಡುವುದು, ಆ ಹೆಣ್ಣಿನ ದನಿಯನ್ನು ಇನ್ನೊಮ್ಮೆ ಕಿತ್ತುಕೊಂಡಂತಾಗುವುದಿಲ್ಲವೇ? ಲಕ್ಷ್ಮಿಯ ವೇಷ ಕಳಚಿದಷ್ಟೇ ಸುಲಭವಾಗಿ ಕಳ್ಳಿಯ ವೇಷವನ್ನೂ ಕಳಚಬಲ್ಲವರು ಕಲಾವಿದೆ; ಮೂಲ ಚಿತ್ರದ ಹೆಂಗಸಿಗೆ ಅದು ಸಾಧ್ಯವಿರಲಿಲ್ಲ. ಅವರ ಚಿತ್ರಗಳು ಆ ಹೆಂಗಸರ ಪರವಾಗಿ ಮಾತಾಡುತ್ತೇವೆಂದು ಹೇಳಿಕೊಳ್ಳದೆ, ಅವರನ್ನು ನೋಡಿದ ಕಣ್ಣಿನ ಬಗ್ಗೆ ಮಾತ್ರ ಮಾತಾಡುತ್ತವೆ ಎಂಬುದು ಇದಕ್ಕೆ ಭಾಗಶಃ ಉತ್ತರ. ಪೂರ್ಣ ಉತ್ತರವಲ್ಲ.

ಪರಂಪರೆ ಮತ್ತು ಹೋಲಿಕೆ

ಕರ್ನಾಟಕದ ಛಾಯಾಗ್ರಹಣಕ್ಕೆ ಹೆಸರು ತಂದದ್ದು ಮುಖ್ಯವಾಗಿ ಎರಡು ಧಾರೆಗಳು: ಟಿ.ಎಸ್. ಸತ್ಯನ್ ಅವರಂಥವರ ಪತ್ರಿಕಾ ಛಾಯಾಗ್ರಹಣ, ಎಂ.ವೈ. ಘೋರ್ಪಡೆ, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಮೊದಲಾದವರ ವನ್ಯಜೀವಿ ಛಾಯಾಗ್ರಹಣ. ಎರಡರಲ್ಲಿಯೂ ಎದುರಿಗಿರುವ ಸತ್ಯವನ್ನು ಸರಿಯಾದ ಕ್ಷಣದಲ್ಲಿ ಹಿಡಿಯುವುದೇ ಛಾಯಾಗ್ರಾಹಕನ ಸಾಧನೆ. ಪುಷ್ಪಮಾಲಾ ಈ ಎರಡೂ ಧಾರೆಗಳ ಹೊರಗಿನವರು. ಅವರ ಚಿತ್ರದಲ್ಲಿ ಕ್ಷಣಕ್ಕಾಗಿ ಕಾಯುವ ಪ್ರಮೇಯವಿಲ್ಲ. ಶಿಲ್ಪಿ ಮಣ್ಣನ್ನು ಕಟ್ಟುವಂತೆ ಅದನ್ನು ತುಂಡು ತುಂಡಾಗಿ ಕಟ್ಟಲಾಗುತ್ತದೆ.

ಅವರನ್ನು ಅಮೆರಿಕದ ಸಿಂಡಿ ಶರ್ಮನ್ ಅವರೊಂದಿಗೆ ಹೋಲಿಸುವುದು ಸಾಮಾನ್ಯ. 1977–80ರ ಶರ್ಮನ್ ಸರಣಿಯೂ ಸಿನಿಮಾ ನಾಯಕಿಯರ ಮಾದರಿಗಳನ್ನು ಧರಿಸಿದ ಸ್ವಚಿತ್ರಗಳದು. ಆದರೆ ಶರ್ಮನ್ ಸ್ಟುಡಿಯೋದಲ್ಲಿ ಒಂಟಿಯಾಗಿ ಕೆಲಸ ಮಾಡಲು ಹೆಸರಾದವರು. ಪುಷ್ಪಮಾಲಾ ಅವರದು ನಾಟಕ ತಂಡದ ಅಥವಾ ಸಿನಿಮಾ ಘಟಕದ ಕ್ರಮ. ಹೋಲಿಕೆಗೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ: ಜೈಪುರದ ಮಹಾರಾಜ ಎರಡನೆಯ ಸವಾಯಿ ರಾಮಸಿಂಗ್ 19ನೇ ಶತಮಾನದಲ್ಲೇ ಶಿವಭಕ್ತನ ವೇಷದಲ್ಲಿ ತನ್ನ ಚಿತ್ರವನ್ನು ತೆಗೆದುಕೊಂಡಿದ್ದ.

ಚಲನಚಿತ್ರ ಮತ್ತು ನಂತರದ ಕೃತಿಗಳು

‘ರಾಷ್ಟ್ರೀಯ ಖೀರ್ ಅಂಡ್ ದೇಸೀಯ ಸಲಾಡ್’ (2004) ಹಳೆಯ ಅಡುಗೆ ಪುಸ್ತಕದ ಟಿಪ್ಪಣಿಗಳಿಂದ ಹುಟ್ಟಿದ ಕಿರುಚಿತ್ರ. ಸ್ವಾತಂತ್ರ್ಯಾನಂತರದ ಮಾದರಿ ಕುಟುಂಬವನ್ನು ನವಿರಾಗಿ ಗೇಲಿ ಮಾಡುತ್ತದೆ. ‘ಪ್ಯಾರಿಸ್ ಆಟಮ್’ (2006) ಬಹುಮಟ್ಟಿಗೆ ಸ್ಥಿರಚಿತ್ರಗಳನ್ನೇ ಪೋಣಿಸಿ ಮಾಡಿದ ಭೂತಕಥೆ. 2005ರಿಂದ ಅವರು ಭಾರತಮಾತೆಯ ಜನಪ್ರಿಯ ಚಿತ್ರಗಳನ್ನು ಆಧರಿಸಿದ ಸರಣಿಯನ್ನು ಬೆಳೆಸುತ್ತ ಬಂದಿದ್ದಾರೆ. ‘ಅವೇಗ’ (2012) ರಾಮಾಯಣದ ಕೈಕೇಯಿ, ಶೂರ್ಪನಖಿ, ಸೀತೆಯರನ್ನು ಕುರಿತದ್ದು.

2014ರ ಕೊಚ್ಚಿ-ಮುಜಿರಿಸ್ ಬಿಯೆನಾಲೆಯಲ್ಲಿ ಪ್ರದರ್ಶಿತವಾದ ‘ದಿ ಅರೈವಲ್ ಆಫ್ ವಾಸ್ಕೋ ಡ ಗಾಮ’ ಪೋರ್ಚುಗಲ್‌ನ ಜೋಸೆ ವೆಲೋಸೊ ಸಲ್ಗಾಡೊ 1898ರಲ್ಲಿ ಬರೆದ ವರ್ಣಚಿತ್ರದ ಮರುರೂಪ. ಗಾಮ ಕಲ್ಲಿಕೋಟೆಯ ಸಾಮೂದಿರಿಯ ಆಸ್ಥಾನಕ್ಕೆ ಬಂದುದನ್ನು ಮೂಲ ಚಿತ್ರ ನಾನೂರು ವರ್ಷಗಳ ನಂತರ, ಯುರೋಪಿನ ಹೆಮ್ಮೆಯ ಕಣ್ಣಿನಿಂದ ಕಲ್ಪಿಸಿಕೊಂಡಿತ್ತು. ಇಲ್ಲಿ ಗಾಮನಾಗಿ ನಿಂತವರು ಪುಷ್ಪಮಾಲಾ. ಮೂಲ ಘಟನೆ ನಡೆದ ಮಲಬಾರಿನ ಕರಾವಳಿಯಲ್ಲೇ ಈ ಅಣಕವೂ ಪ್ರದರ್ಶನಗೊಂಡದ್ದು ಅದಕ್ಕೆ ಹೆಚ್ಚಿನ ಮೊನಚು ಕೊಟ್ಟಿತು.

2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಹತ್ಯೆಗೊಳಗಾದ ಪತ್ರಕರ್ತೆ ಗೌರಿ ಲಂಕೇಶ್ ಅವರ ನೆನಪಿನಲ್ಲಿ ಪುಷ್ಪಮಾಲಾ 2018ರಲ್ಲಿ ‘ಗೌರಿ ಲಂಕೇಶ್ಸ್ ಅರ್ಜೆಂಟ್ ಸಾರು’ ಎಂಬ ಕೃತಿಯನ್ನು ರೂಪಿಸಿದರು. ಹುತಾತ್ಮರ ಸ್ಮರಣೆಯ ಗಡಸು ಮಾತುಗಳ ಬದಲು ಸಾರಿನ ಹೆಸರನ್ನು ಮುಂದಿಟ್ಟುದರಲ್ಲಿ ಅವರ ಸ್ವಭಾವ ಕಾಣುತ್ತದೆ.

ಇತರ ಚಟುವಟಿಕೆಗಳು

ಬೆಂಗಳೂರಿನಲ್ಲಿ ಅವರು ‘ಸೋಂಬೇರಿಕಟ್ಟೆ’ ಎಂಬ ಕಾಲ್ಪನಿಕ ಸಂಸ್ಥೆಯನ್ನು ಹುಟ್ಟುಹಾಕಿದ್ದಾರೆ. ಊರ ಅರಳಿಮರದ ಬುಡದಲ್ಲಿ ಕೆಲಸವಿಲ್ಲದವರು ಕೂತು ಲೋಕದ ಮಾತನ್ನೆಲ್ಲ ಆಡುವ ಕಟ್ಟೆಯ ಹೆಸರನ್ನೇ ಹೊತ್ತ ಇದು ಆಗೊಮ್ಮೆ ಈಗೊಮ್ಮೆ ಚರ್ಚೆ, ಉಪನ್ಯಾಸಗಳ ವೇದಿಕೆಯಾಗುತ್ತದೆ.

ಲಂಡನ್ನಿನ ವೈಟ್‌ಚಾಪೆಲ್ ಗ್ಯಾಲರಿಯಲ್ಲಿ 2010ರಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳ 150 ವರ್ಷಗಳ ಛಾಯಾಗ್ರಹಣವನ್ನು ಕುರಿತು ನಡೆದ ‘ವೇರ್ ಥ್ರೀ ಡ್ರೀಮ್ಸ್ ಕ್ರಾಸ್’ ಪ್ರದರ್ಶನದಲ್ಲಿ ಅವರ ಚಿತ್ರಗಳಿದ್ದವು. 2019ರ ಚೆನ್ನೈ ಫೋಟೋ ಬಿಯೆನಾಲೆಯ ಎರಡನೆಯ ಆವೃತ್ತಿಗೆ ಅವರು ಕಲಾ ನಿರ್ದೇಶಕಿಯಾಗಿದ್ದರು. ಇತ್ತೀಚಿನ ವರ್ಷಗಳಲ್ಲಿ ಹಳೆಯ ಲಿಪಿಗಳನ್ನು ತಾಮ್ರದ ಫಲಕಗಳ ಮೇಲೆ ಮೂಡಿಸುವ ಕೃತಿಗಳ ಮೂಲಕ ಶಿಲ್ಪದ ಕಡೆಗೂ ಮರಳಿದ್ದಾರೆ.